ಬೂಸ್ಟ್ ಸೆನ್ಸರ್: ಮೂರು ತಂತಿ, ಒಂದು ಕೊಳವೆ

ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದನ್ನು ತೋರಿಸುವ ಎಲೆಕ್ಟ್ರಾನಿಕ್ ಬೂಸ್ಟ್ ಮೀಟರನ್ನು ಕಾರಿಗೆ ಕೂರಿಸುವುದು ಅರ್ಧ ದಿನದ ಕೆಲಸ. ತಂತಿ ಜೋಡಿಸಲು ಒಂದು ಗಂಟೆ ಸಾಕು. ಮಿಕ್ಕ ಹೊತ್ತೆಲ್ಲ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆ ತಂತಿಗೆ ದಾರಿ ಹುಡುಕುವುದರಲ್ಲೇ ಕಳೆಯುತ್ತದೆ.

ಹಳೆಯ ಕಾಲದ ಬೂಸ್ಟ್ ಮೀಟರಿಗೆ ತಂತಿಯ ಗೊಡವೆ ಇರಲಿಲ್ಲ. ಎಂಜಿನ್‌ನಿಂದ ಹೊರಟ ಸಣ್ಣ ಕೊಳವೆ ನೇರವಾಗಿ ಚಾಲಕನ ಮುಂದಿನ ಮೀಟರಿಗೇ ಬರುತ್ತಿತ್ತು. ಈಗಿನ ವ್ಯವಸ್ಥೆಯಲ್ಲಿ ಕೊಳವೆ ಬಾನೆಟ್ಟಿನೊಳಗೇ ನಿಲ್ಲುತ್ತದೆ. ಅದರ ತುದಿಯ ಸೆನ್ಸರ್ ಗಾಳಿಯ ಒತ್ತಡವನ್ನು ವೋಲ್ಟೇಜ್ ಆಗಿ ಬದಲಿಸುತ್ತದೆ, ಒಳಗೆ ಬರುವುದು ತಂತಿ ಮಾತ್ರ. ಕಾರಿನಲ್ಲಿ ಕಂಪನಿ ಹಾಕಿದ ಸೆನ್ಸರ್ ಇದ್ದೇ ಇರುತ್ತದೆ, ಅದರ ತಂತಿಯನ್ನೇ ಕೆರೆದು ಸಿಗ್ನಲ್ ಕದ್ದರೆ ಆಗದೇ ಎಂದು ಕೇಳುವವರಿದ್ದಾರೆ. ಬೇಡ. ಎಂಜಿನ್‌ಗೆ ಎಷ್ಟು ಇಂಧನ ಕೊಡಬೇಕು ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುವಾಗ ನೋಡುವುದು ಆ ತಂತಿಯನ್ನೇ. ಅಲ್ಲಿ ಒಂದು ಸಡಿಲ ಬೆಸುಗೆ ಉಳಿದರೆ ಮೀಟರ್ ಮಾತ್ರವಲ್ಲ, ಕಾರೇ ಮುಗ್ಗರಿಸುತ್ತದೆ. ಬೇರೆಯದೇ ಸೆನ್ಸರ್ ಹಾಕಿ.

ಕೊಳ್ಳುವಾಗ ನೋಡಬೇಕಾದದ್ದು ಎರಡು. ಒಂದು, ಅದರ ಅಳತೆಯ ಮಿತಿ. ಬೂಸ್ಟ್ ಒಂದು ಬಾರ್ ಆಸುಪಾಸಿನಲ್ಲಿರುವ ಸಣ್ಣ ಟರ್ಬೊ ಎಂಜಿನ್‌ಗಳಿಗೆ ಮೂರು ಬಾರ್, ಅಂದರೆ 300 ಕಿಲೋಪ್ಯಾಸ್ಕಲ್ ಸೆನ್ಸರ್ ಧಾರಾಳ. ಇನ್ನೊಂದು, ಪಿನ್‌ಗಳ ಲೆಕ್ಕ. ಸಾಮಾನ್ಯವಾಗಿ ಮೂರಿರುತ್ತವೆ: 5 ವೋಲ್ಟ್, ಅರ್ಥ್, ಸಿಗ್ನಲ್. ನಾಲ್ಕಿದ್ದರೆ ನಾಲ್ಕನೆಯದು ಗಾಳಿಯ ಉಷ್ಣಾಂಶಕ್ಕೆ, ನಮಗೆ ಅದು ಬೇಕಿಲ್ಲ. ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಸೆನ್ಸರಿನ ವಿವರಪಟ್ಟಿ ಕೇಳಿ ಪಡೆಯಿರಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. 5 ವೋಲ್ಟೂ ಅರ್ಥೂ ಅದಲುಬದಲಾದರೆ ಸೆನ್ಸರ್ ಸದ್ದಿಲ್ಲದೆ ಸಾಯಬಹುದು.

ಗಾಳಿ ಎಲ್ಲಿಂದ?

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಪೆಟ್ರೋಲ್ ಕಾರಿನಲ್ಲಿ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ದಾಟಿದ ಮೇಲೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ನೇರವಾಗಿ ಸೇರುವ ಸಣ್ಣ ಕೊಳವೆಯೊಂದನ್ನು ಹುಡುಕಿ, ಅದನ್ನು ಕತ್ತರಿಸಿ ನಡುವೆ ಮೂರು ಬಾಯಿಯ ಟೀ ಜಾಯಿಂಟ್ ಕೂರಿಸಬೇಕು. ಬ್ರೇಕ್ ಬೂಸ್ಟರಿನ ದಪ್ಪ ಕೊಳವೆ ಕೈಗೆ ಸುಲಭವಾಗಿ ಸಿಗುತ್ತದೆ ಎಂದು ಅದಕ್ಕೆ ಕತ್ತರಿ ಹಾಕಬೇಡಿ. ಅದರಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುತ್ತದೆ. ಅದರಾಚೆ ಜೋಡಿಸಿದ ಮೀಟರಿಗೆ ಬೂಸ್ಟ್ ಕಾಣುವುದೇ ಇಲ್ಲ. ಡೀಸೆಲ್ ಕಾರಿನಲ್ಲಂತೂ ಆ ಕೊಳವೆ ಹೋಗುವುದು ವ್ಯಾಕ್ಯೂಮ್ ಪಂಪಿಗೆ, ಮ್ಯಾನಿಫೋಲ್ಡಿಗೆ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದು ಬ್ರೇಕಿನ ಕೊಳವೆ.

ಸೆನ್ಸರನ್ನು ಎಂಜಿನ್ ಮೇಲೆಯೇ ಬಿಗಿಯದೆ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಲೋಹದ ಗೋಡೆಗೆ ಬಿಗಿದರೆ ಬಿಸಿ ಮತ್ತು ನಡುಕ ಎರಡೂ ಕಡಿಮೆ. ಗಾಳಿ ತೆಗೆದ ಜಾಗಕ್ಕಿಂತ ಅದು ಎತ್ತರದಲ್ಲಿರಲಿ, ಮೂತಿ ಕೆಳಮುಖವಾಗಿರಲಿ. ಟರ್ಬೊ ಗಾಳಿಯ ಜೊತೆ ಎಣ್ಣೆಯ ಪಸೆಯೂ ಬರುತ್ತದೆ. ಮೂತಿ ಮೇಲ್ಮುಖವಾಗಿದ್ದರೆ ಆ ಪಸೆ ಸೆನ್ಸರಿನೊಳಗೇ ನಿಲ್ಲುತ್ತದೆ. ಕೊಳವೆಯ ಎರಡೂ ತುದಿಗೆ ಕ್ಲಿಪ್ ಹಾಕಿ. ಬೂಸ್ಟ್ ಏರಿದಾಗ ಕಳಚಿಕೊಳ್ಳುವುದು ಅಲ್ಲೇ.

ತಂತಿ

ತಂತಿಯನ್ನು ಕ್ಯಾಬಿನ್ನಿಗೆ ತರಲು ಹೊಸ ತೂತು ಕೊರೆಯಬೇಕಿಲ್ಲ. ಕಾರಿನ ಸ್ವಂತ ವೈರಿಂಗ್ ಒಳಬರುವ ಕಡೆ ದಪ್ಪನೆಯ ರಬ್ಬರ್ ಬುಷ್ ಇರುತ್ತದೆ. ಅದರ ಅಂಚಿನಲ್ಲಿ ಸಣ್ಣ ಸೀಳು ಮಾಡಿ ತೂರಿಸಿ. ಹೊರಗೆ ತಂತಿಯನ್ನು ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಆಮೇಲೆ ಬುಷ್‌ಗೆ ಏರಿಸಿದರೆ ಮಳೆನೀರು ತಂತಿ ಹಿಡಿದು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ಆಲ್ಟರ್ನೇಟರ್ ತಂತಿಗಳಿಂದ ಒಂದು ಗೇಣಾದರೂ ದೂರವಿಡಿ.

ಸೆನ್ಸರಿಗೆ ಬೇಕಾದ 5 ವೋಲ್ಟನ್ನು ಮೀಟರೇ ಕೊಡುತ್ತದೆ. 12 ವೋಲ್ಟ್ ಬೇಕಿರುವುದು ಮೀಟರಿಗೆ ಮಾತ್ರ. ಅದನ್ನು ಕೀಲಿ ತಿರುಗಿಸಿದಾಗ ಜೀವ ಬರುವ ಫ್ಯೂಸಿನಿಂದ ತೆಗೆದುಕೊಂಡು, ಮೀಟರಿನ ಕೈಪಿಡಿ ಹೇಳಿದ ಸಣ್ಣ ಫ್ಯೂಸನ್ನು ನಡುವೆ ಹಾಕಿ.

ಇನ್ನು ಅರ್ಥ್. ನಾನು ಕೂರಿಸಿದ ಮೊದಲ ಸೆನ್ಸರಿನ ಅರ್ಥ್ ತಂತಿಯನ್ನು ಸೋಮಾರಿತನದಿಂದ ಪಕ್ಕದಲ್ಲೇ ಇದ್ದ ಬಾಡಿ ಬೋಲ್ಟಿಗೆ ಕಟ್ಟಿದ್ದೆ. ಹಗಲಿನಲ್ಲಿ ಎಲ್ಲವೂ ಸರಿ. ರಾತ್ರಿ ಹೆಡ್‌ಲೈಟ್ ಹಾಕಿದರೆ ಸಾಕು, ನಿಂತ ಕಾರಿನಲ್ಲೇ ಮುಳ್ಳು ಒಂದು ಪಿಎಸ್‌ಐ (ಸುಮಾರು 7 ಕಿಲೋಪ್ಯಾಸ್ಕಲ್) ಮೇಲೇರುತ್ತಿತ್ತು! ಕಾರಣ ಸರಳ. ಹೆಡ್‌ಲೈಟಿನ ಕರೆಂಟ್ ಅದೇ ತುಕ್ಕು ಹಿಡಿದ ಬೋಲ್ಟಿನ ಮೂಲಕ ಹೋಗುತ್ತಿತ್ತು, ಸೆನ್ಸರಿನ ಅರ್ಥಿಗೂ ಮೀಟರಿನ ಅರ್ಥಿಗೂ ವೋಲ್ಟಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸ ಬಿದ್ದಿತ್ತು. ನನ್ನ ಆ ಮೂರು ಬಾರ್ ಸೆನ್ಸರಿನಲ್ಲಿ ಒಂದು ವೋಲ್ಟ್ ಎಂದರೆ 75 ಕಿಲೋಪ್ಯಾಸ್ಕಲ್. ಹತ್ತನೇ ಒಂದು ಭಾಗ ಎಂದರೆ ಏಳೂವರೆ. ಅದೇ ಆ ಒಂದು ಪಿಎಸ್‌ಐ. ಆದ್ದರಿಂದ ಸೆನ್ಸರಿನ ಅರ್ಥ್ ಬಾಡಿಗೆ ತಾಗಲೇಬಾರದು, ಮೀಟರಿನ ಸೆನ್ಸರ್ ಅರ್ಥ್ ಪಿನ್ನಿಗೇ ಹಿಂತಿರುಗಬೇಕು.

ಜೋಡಣೆಗೆ ತಂತಿ ತಿರುಚಿ ಟೇಪ್ ಸುತ್ತುವ ಪದ್ಧತಿ ಬಾನೆಟ್ಟಿನ ಬಿಸಿಗೆ ನಿಲ್ಲದು, ಅಂಟು ಕರಗಿ ಜಾರುತ್ತದೆ. ಲೋಹದ ತುಂಡಿನಲ್ಲಿ ಅದುಮಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಎಳೆಯಿರಿ.

ಎಂಜಿನ್ ಹಚ್ಚುವ ಮೊದಲು

ತಂತಿಗಳ ತುದಿಯ ಕಪ್ಲರನ್ನು ಸೆನ್ಸರಿಗೆ ಸಿಕ್ಕಿಸದೆ ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿ, ಮಲ್ಟಿಮೀಟರಿನಲ್ಲಿ ಕಪ್ಲರಿನ 5 ವೋಲ್ಟ್ ಮತ್ತು ಅರ್ಥ್ ಪಿನ್‌ಗಳ ನಡುವೆ ನೋಡಿ. 5 ವೋಲ್ಟ್ ಇರಬೇಕು. 12 ಕಂಡರೆ ಅಲ್ಲೇ ನಿಲ್ಲಿ, ಎಲ್ಲೋ ತಪ್ಪಿದ್ದೀರಿ. ಸರಿಯಿದ್ದರೆ ಕೀಲಿ ಹಿಂದೆ ತಿರುಗಿಸಿ, ಕಪ್ಲರ್ ಸಿಕ್ಕಿಸಿ, ಮತ್ತೆ ಹಾಕಿ. ಎಂಜಿನ್ ಇನ್ನೂ ಹಚ್ಚಬೇಡಿ.

ಈ ಸೆನ್ಸರ್‌ಗಳಲ್ಲಿ ಹೆಚ್ಚಿನವು ಅಳೆಯುವುದು ಶೂನ್ಯದಿಂದ ಮೇಲಿನ ಪೂರ್ಣ ಒತ್ತಡವನ್ನು. ಹಾಗಾಗಿ ಎಂಜಿನ್ ನಿಂತಿದ್ದಾಗ ಅದು ತೋರಿಸಬೇಕಾದದ್ದು ನಿಮ್ಮ ಊರಿನ ಗಾಳಿಯ ಒತ್ತಡವನ್ನೇ. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ 88. ಸೊನ್ನೆ ಕಿಲೋಪ್ಯಾಸ್ಕಲಿಗೆ 0.5 ವೋಲ್ಟ್, 300ಕ್ಕೆ 4.5 ವೋಲ್ಟ್ ಕೊಡುವ ಸೆನ್ಸರಾದರೆ ಸಿಗ್ನಲ್ ತಂತಿಯಲ್ಲಿ ಮಂಗಳೂರಿಗೆ 1.85, ಬೆಂಗಳೂರಿಗೆ 1.71 ವೋಲ್ಟ್ ಕಾಣಬೇಕು. ಕಂಡರೆ ವೈರಿಂಗ್ ಬಹುಪಾಲು ಸರಿ ಎಂದೇ ಅರ್ಥ.

ಬೂಸ್ಟ್ ತೋರಿಸಲು ಮೀಟರ್ ಈ ಪೂರ್ಣ ಒತ್ತಡದಿಂದ ಊರಿನ ಗಾಳಿಯ ಒತ್ತಡವನ್ನು ಕಳೆಯಬೇಕು. ಕೆಲವು ಮೀಟರ್‌ಗಳು ಇಡೀ ಜಗತ್ತು ಸಮುದ್ರ ತೀರದಲ್ಲೇ ಇದೆ ಎಂದುಕೊಂಡು ಎಲ್ಲೆಡೆಯೂ 101 ಕಳೆಯುತ್ತವೆ. ಬೆಂಗಳೂರಿನಲ್ಲಿ ಅಂಥದ್ದು ಎಂಜಿನ್ ಹಚ್ಚುವ ಮೊದಲೇ ಸೊನ್ನೆಗಿಂತ ಒಂದೂವರೆ ಪಿಎಸ್‌ಐ ಕೆಳಗೆ ನಿಲ್ಲುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಸೊನ್ನೆ ಹೊಂದಿಸುವ ಸೌಲಭ್ಯ ಮೀಟರಿನಲ್ಲೇ ಇದೆಯೇ ನೋಡಿ.

ಕೊಳವೆಯ ಸೋರಿಕೆ ಪತ್ತೆಗೆ ಔಷಧಿ ಅಂಗಡಿಯ ಸಿರಿಂಜ್ ಸಾಕು. ಟೀ ಜಾಯಿಂಟಿನಿಂದ ಕೊಳವೆ ಕಳಚಿ, ಸೂಜಿಯಿಲ್ಲದ ಸಿರಿಂಜ್ ಬಿಗಿಯಾಗಿ ಸಿಕ್ಕಿಸಿ ಮೆಲ್ಲಗೆ ಒತ್ತಿ ಹಿಡಿಯಿರಿ. ಮುಳ್ಳು ಏರಿ ಅಲ್ಲೇ ನಿಂತರೆ ಸರಿ, ಜಾರಿದರೆ ಸೋರಿಕೆ ಇದೆ.

ಕೊಳವೆ ಮರಳಿ ಸಿಕ್ಕಿಸಿ ಎಂಜಿನ್ ಹಚ್ಚಿ. ಬಿಸಿಯಾದ ಪೆಟ್ರೋಲ್ ಎಂಜಿನ್ ಸುಮ್ಮನೆ ಗುರುಗುಡುವಾಗ ಮ್ಯಾನಿಫೋಲ್ಡಿನ ಒತ್ತಡ 30ರಿಂದ 40 ಕಿಲೋಪ್ಯಾಸ್ಕಲಿಗೆ ಇಳಿಯುತ್ತದೆ. ಡೀಸೆಲ್‌ನಲ್ಲಿ ಮುಳ್ಳು ಅಷ್ಟಾಗಿ ಇಳಿಯುವುದಿಲ್ಲ, ಅದು ದೋಷವಲ್ಲ. ಕೊನೆಗೆ ಹೆಡ್‌ಲೈಟ್, ಎ.ಸಿ., ವೈಪರ್ ಒಂದೊಂದಾಗಿ ಹಾಕಿ ನೋಡಿ. ಎ.ಸಿ. ಹಾಕಿದಾಗ ಎಂಜಿನ್‌ಗೆ ಹೊರೆ ಬಿದ್ದು ಮುಳ್ಳು ತುಸು ಏರುವುದು ಸಹಜ. ಹೆಡ್‌ಲೈಟಿಗೆ ಜಿಗಿದರೆ ಮಾತ್ರ ಮತ್ತೆ ಟಾರ್ಚ್ ಕಚ್ಚಿಕೊಂಡು ಅರ್ಥ್ ತಂತಿ ಹುಡುಕಲು ಹೊರಡಿ.