ಜಗಲಿ ಗೋಡೆ ಸುಲಿದು ತಂದೆ

ಸಾಗರದ ಹತ್ತಿರದ ನಮ್ಮ ಹಳೇ ಮನೆಯ ಜಗಲಿ ಗೋಡೆಯ ಮೇಲ್ಪದರ, ಲ್ಯಾಟೆಕ್ಸಿಗೆ (ರಬ್ಬರ್ ಹಾಲಿಗೆ) ಅಂಟಿ ಸುಲಿದು ಬಂದದ್ದು, ಈಗ ನನ್ನ ಸ್ಟುಡಿಯೋದಲ್ಲಿ ನೇತಾಡುತ್ತಿದೆ. 10 ಅಡಿ ಉದ್ದ, 7 ಅಡಿ ಎತ್ತರ, ತೂಕ ಜಾಸ್ತಿ ಅಂದರೆ 12 ಕಿಲೋ. 'ಸುಮ್ನೆ ಫೋಟೋ ತೆಗೆದು ಕ್ಯಾನ್ವಾಸಿಗೆ ಇಳಿಸು' ಅಂದಿದ್ದ ಗೆಳೆಯರೇ ಈಗ ಬಂದು ಮುಟ್ಟಿ ನೋಡುತ್ತಾರೆ.

ಮನೆ ಕೆಡವುವುದು ಗೊತ್ತಾದ ದಿನವೇ ಈ ಹಟ ಹಿಡಿದಿದ್ದೆ. ಅಕ್ಕನ ಮದುವೆಗೆ ಪುಂಡಿ ನಾರಿನ ಕುಂಚದಲ್ಲಿ ಬರೆದ ಹಸೆ ಚಿತ್ತಾರ ಆ ಗೋಡೆಯಲ್ಲೇ ಇತ್ತು. ಸ್ವಿಸ್ ಕಲಾವಿದೆ ಹೈಡಿ ಬೂಖರ್ 1970ರ ದಶಕದಲ್ಲೇ ವಿಂಟರ್‌ತೂರಿನ ತವರುಮನೆಯ ಕೋಣೆಗೆ ಬಟ್ಟೆ, ಲ್ಯಾಟೆಕ್ಸ್ ಹಚ್ಚಿ ಸುಲಿದಿದ್ದರು. ಆದರೆ ಅದು ಮರದ ಹಲಗೆ ಹೊದಿಸಿದ ಕೋಣೆ. ನಮ್ಮದು ಮಣ್ಣಿನ ಗೋಡೆ, ಮೇಲೆ ಕೆಮ್ಮಣ್ಣು.

ಮೊದಲ ಸಲ ಆಷಾಢದಲ್ಲಿ ಕೈಹಾಕಿ ಕೆಟ್ಟೆ. ಆರು ದಿನವಾದರೂ ಒಣಗಲಿಲ್ಲ, ಬಟ್ಟೆಗೆ ಬೂಷ್ಟು ಹಿಡಿಯಿತು. ಸುಳ್ಯದಿಂದ ತರಿಸಿದ ಲ್ಯಾಟೆಕ್ಸ್ ಒಂದು ಕ್ಯಾನ್ ಪೂರ್ತಿ ಹಾಳು, ಹತ್ತಿರ ಹತ್ತಿರ 5 ಸಾವಿರ. ಮಾಘದಲ್ಲಿ ಅಡುಗೆಮನೆ ಗೋಡೆಗೆ ಹಚ್ಚಿದೆ. ಚೆನ್ನಾಗಿ ಒಣಗಿತು, ಆದರೆ ಎಳೆದಾಗ ಮಣ್ಣು ಹೆಂಟೆ ಹೆಂಟೆಯಾಗಿ ಕಿತ್ತು ಬಂತು. ಅಮ್ಮ ಐವತ್ತು ವರ್ಷ ಸಾರಿಸಿದ ಗೋಡೆ ಅದು. ಅವತ್ತು ಊಟ ಸೇರಲಿಲ್ಲ.

ಜಗಲಿ ಗೋಡೆಗೆ ಮೊದಲು ತೆಳ್ಳಗೆ ಒಂದು ನೀರು ಬಳಿದೆ. ಅದರಲ್ಲಿ ಏನಿತ್ತು ಅಂತ ಸದ್ಯಕ್ಕೆ ಹೇಳಲ್ಲ, ಮಲೆನಾಡಿನ ಎಲ್ಲ ಅಡುಗೆಮನೆಯಲ್ಲೂ ಸಿಗುವ ಸಾಮಾನೇ. ಮೇಲೆ ಮಲ್ ಬಟ್ಟೆ, ಐದು ಕೋಟ್ ಲ್ಯಾಟೆಕ್ಸ್, ಒಂದೊಂದು ಕೋಟಿಗೂ ಒಂದು ದಿನ ಬಿಡುವು. ಒಣಗಿದ ಹಾಳೆಯ ಬೆನ್ನಿಗೆ ಪೌಡರ್ ಹಾಕುವುದನ್ನು ಮರೆಯಬೇಡಿ, ತನಗೆ ತಾನೇ ಅಂಟಿಕೊಂಡರೆ ಬಿಡಿಸಲಾಗದು. ನಾನು ಕೆಳಗಿನ ಮೂಲೆಯಿಂದ ಬಿದಿರಿಗೆ ಸುತ್ತುತ್ತ ಎತ್ತಿದೆ. ಮೂರು ಗಂಟೆ ಹಿಡಿಯಿತು. ಚಿತ್ತಾರದ ಅಕ್ಕಿಹಿಟ್ಟಿನ ಗೆರೆ ಒಂದೂ ಬಿಡದೆ ಬಂತು. ಇಷ್ಟು ದೊಡ್ಡ ಮಣ್ಣಿನ ಗೋಡೆಯನ್ನು ಹರಿಯದೆ ಎತ್ತಿದವರನ್ನು ನಾನಂತೂ ಕಂಡಿಲ್ಲ.

ನಡುವೆ ರೆಡ್‌ಆಕ್ಸೈಡ್ ನೆಲಕ್ಕೂ ಒಂದು ಕೈ ಹಚ್ಚಿದ್ದೆ. ಬಣ್ಣ ಬರಲಿಲ್ಲ. ಒರಳಿನ ಸುತ್ತ ಬಿಟ್ಟಿದ್ದ ಸಣ್ಣ ಬಿರುಕುಗಳು ಮಾತ್ರ ಕೂದಲೆಳೆಯ ಹಾಗೆ ಮೂಡಿವೆ. ಅದರದ್ದೇ ಬೇರೆ ಕೆಲಸ ಮಾಡಬೇಕು.

ಒಟ್ಟು ಖರ್ಚು 30 ಸಾವಿರ ದಾಟಿರಬೇಕು, ಅರ್ಧ ಹಾಳಾದದ್ದಕ್ಕೇ.

ಸುಲಿದ ಹಾಳೆಯನ್ನು ಮಣ್ಣು ಅಂಟಿದ ಕಡೆಯಿಂದ ನೋಡಿದರೆ ಎಡದ್ದು ಬಲಕ್ಕೆ ಕಾಣುತ್ತದೆ ಅಲ್ವಾ? ಅದಕ್ಕೇ ಬೆನ್ನು ಈಚೆಗೆ ಮಾಡಿ, ಹಿಂದಿನಿಂದ ದೀಪ ಬಿಟ್ಟೆ. ಜೇನಿನ ಬಣ್ಣದ ಹಾಳೆಯಲ್ಲಿ ಗೋಡೆ ಇದ್ದ ಹಾಗೇ ಎದ್ದು ನಿಂತಿತು. ಬಾಗಿಲ ಪಕ್ಕ, ನೆಲದಿಂದ ಎರಡೂವರೆ ಅಡಿ ಮೇಲೆ, ಅಂಗೈ ಅಗಲದ ಕಪ್ಪು ಕಲೆ. ಅಜ್ಜನ ತಲೆಯೆಣ್ಣೆಯದು.

ಅಮ್ಮನನ್ನು ಕರೆತಂದೆ. ಚಿತ್ತಾರ ನೋಡಲೇ ಇಲ್ಲ. ಸೀದಾ ಆ ಕಲೆಯ ಹತ್ತಿರ ಹೋಗಿ, "ಮಾವಯ್ಯ ಇಲ್ಲೇ ಒರಗಿ ಎಲೆಅಡಿಕೆ ಹಾಕ್ತಿದ್ರು" ಅಂದರು. ಮಧ್ಯಾಹ್ನದ ಊಟ ಅಲ್ಲೇ ಕೂತು ಮಾಡಿದರು.