ಹಳೆಯ ಪಿಕಪ್‌ನ ಕ್ಲಚ್ ಲಿಂಕೇಜ್ ಸದ್ದು: ಮೂಲ ಪತ್ತೆ ಹಚ್ಚುವ ಕ್ರಮ

1967ರಿಂದ 1972ರವರೆಗಿನ ಷೆವ್ರೊಲೆ ಸಿ-10 ಪಿಕಪ್‌ನಲ್ಲಿ ಕ್ಲಚ್ ತುಳಿದಾಗ ಕಿರ್ರೆನ್ನುವ, ಟಕ್ಕೆನ್ನುವ ಅಥವಾ ಗರಗರ ಎನ್ನುವ ಸದ್ದು ಬಂದರೆ, ಗೇರ್‌ಬಾಕ್ಸ್ ಇಳಿಸುವ ಯೋಚನೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ಈ ಗಾಡಿಗಳ ಕ್ಲಚ್‌ನಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಇಲ್ಲ. ಪಾದದ ಒತ್ತಡವು ರಾಡು, ಲಿವರ್ ಮತ್ತು ಬುಷ್‌ಗಳ (ಸಂಧಿಗಳಲ್ಲಿ ಕೂರುವ ಬಳೆಯಂಥ ಒಳಪದರಗಳ) ಜೋಡಣೆಯಾದ ಲಿಂಕೇಜ್ ಮೂಲಕವೇ ಕ್ಲಚ್‌ಗೆ ತಲುಪುವುದರಿಂದ ಸದ್ದು ಹುಟ್ಟಬಹುದಾದ ಜಾಗಗಳು ಹಲವು, ಮತ್ತು ಅವುಗಳಲ್ಲಿ ಬಹುಪಾಲು ಹೊರಗಡೆ, ಕೈಗೆ ಎಟಕುವಂತೆಯೇ ಇವೆ. ಅದೇ ಕಾಲದ ಫೋರ್ಡ್ ಎಫ್-100 ಪಿಕಪ್‌ನಲ್ಲಿಯೂ ಹೆಚ್ಚುಕಡಿಮೆ ಇದೇ ಜೋಡಣೆ ಇರುವುದರಿಂದ ಇಲ್ಲಿ ಹೇಳುವ ಕ್ರಮ ಅದಕ್ಕೂ ಹೊಂದುತ್ತದೆ.

ಮೊದಲು ಜೋಡಣೆಯನ್ನು ಅರ್ಥಮಾಡಿಕೊಳ್ಳಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ತೂಗುವ ಪೆಡಲ್‌ನಿಂದ ಹೊರಟ ರಾಡು ಕ್ಯಾಬಿನ್ ಮತ್ತು ಎಂಜಿನ್ ನಡುವಿನ ತಗಡನ್ನು ಹಾದು ಕ್ರಾಸ್ ಶಾಫ್ಟ್ ಎಂಬ ಅಡ್ಡ ಕೊಳವೆಯ ಒಂದು ಲಿವರ್‌ಗೆ ಸೇರುತ್ತದೆ. ಇದನ್ನು ಅದರ ಆಕಾರದಿಂದಾಗಿ ಝಡ್-ಬಾರ್ ಎಂದೂ ಕರೆಯುತ್ತಾರೆ. ಈ ಕೊಳವೆಯ ಹೊರತುದಿ ಚಾಸಿಗೆ ಬಿಗಿದ ಬ್ರ್ಯಾಕೆಟ್‌ನ ಮೇಲೆ, ಒಳತುದಿ ಎಂಜಿನ್ ಕಡೆಯ ಗುಂಡುತಲೆಯ ಬೋಲ್ಟಿನ ಮೇಲೆ ತಿರುಗುತ್ತದೆ. ಕೊಳವೆಯ ಇನ್ನೊಂದು ಲಿವರ್‌ನಿಂದ ಹೊರಡುವ, ಉದ್ದ ಹೊಂದಿಸಬಹುದಾದ ರಾಡು ಬೆಲ್ ಹೌಸಿಂಗ್‌ನಿಂದ (ಕ್ಲಚ್ಚನ್ನು ಮುಚ್ಚುವ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚದಿಂದ) ಹೊರಚಾಚಿದ ಫೋರ್ಕ್ ಎಂಬ ಲಿವರನ್ನು ತಳ್ಳುತ್ತದೆ, ಮತ್ತು ಫೋರ್ಕ್ ಒಳಗೆ ರಿಲೀಸ್ ಬೇರಿಂಗನ್ನು ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್‌ನ ಬೆರಳುಗಳ ಮೇಲೆ ಒತ್ತುತ್ತದೆ. ಪೆಡಲ್ ಕ್ಯಾಬಿನ್‌ಗೆ, ಕೊಳವೆಯ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಎಂಜಿನ್‌ಗೆ ಸೇರಿರುವುದನ್ನು ಗಮನಿಸಬೇಕು. ಕ್ಯಾಬಿನ್ ಮತ್ತು ಎಂಜಿನ್ ಎರಡೂ ತಮ್ಮ ತಮ್ಮ ರಬ್ಬರ್‌ಗಳ ಮೇಲೆ ಕೂತಿರುವುದರಿಂದ ಚಾಸಿಯ ಜೊತೆ ಒಂದೇ ರೀತಿ ಅಲುಗುವುದಿಲ್ಲ. ಆ ವ್ಯತ್ಯಾಸವನ್ನೆಲ್ಲ ತಡೆದುಕೊಳ್ಳುವುದು ನಡುವಿನ ಬುಷ್‌ಗಳು, ಮತ್ತು ಲಿಂಕೇಜ್‌ನ ಸದ್ದು ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ನಮ್ಮ ಮಲೆನಾಡಿನ ಹಳೆಯ ಜೀಪುಗಳನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು, ಏಕೆಂದರೆ ವಿಲ್ಲೀಸ್ ಮಾದರಿಯ ಜೀಪಿನಲ್ಲಿಯೂ ಚಾಸಿ ಮತ್ತು ಎಂಜಿನ್ ಬದಿಯ ನಡುವೆ ಇಂಥದೇ ಅಡ್ಡ ಕೊಳವೆ ಇದೆ.

ಎಂಜಿನ್ ಆಫ್ ಮಾಡಿ ಕೇಳುವುದು

ಇಡೀ ತಪಾಸಣೆಯಲ್ಲಿ ಅತಿ ಮುಖ್ಯವಾದ ಹೆಜ್ಜೆಗೆ ಒಂದು ಸ್ಪ್ಯಾನರ್ ಕೂಡ ಬೇಕಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಕ್ಲಚ್ಚನ್ನು ನಿಧಾನವಾಗಿ ಪೂರ್ತಿ ತುಳಿದು, ಅಷ್ಟೇ ನಿಧಾನವಾಗಿ ಬಿಡಬೇಕು. ಆಗಲೂ ಅದೇ ಸದ್ದು ಬಂದರೆ ದೋಷವು ಲಿಂಕೇಜ್‌ನಲ್ಲಿ, ಪೆಡಲ್‌ನ ತಿರುಗಣೆಯಲ್ಲಿ ಅಥವಾ ಹೆಚ್ಚೆಂದರೆ ಫೋರ್ಕ್ ಕೂರುವ ಗುಂಡಿನಲ್ಲಿದೆ ಎಂದು ತಿಳಿಯಬೇಕು. ಎಂಜಿನ್ ಓಡುವಾಗ ಮಾತ್ರ ಬಂದರೆ ತಿರುಗುವ ಭಾಗಗಳನ್ನು, ಅಂದರೆ ಬೇರಿಂಗ್‌ಗಳನ್ನು, ಮತ್ತು ಎಂಜಿನ್‌ನ ಅಲುಗಾಟವನ್ನು ಶಂಕಿಸಬೇಕು. ಈ ಒಂದು ವಿಂಗಡಣೆಯನ್ನು ಮಾಡದೆ ರಿಲೀಸ್ ಬೇರಿಂಗ್ ಬದಲಿಸಲು ಹೊರಟವರು ಗೇರ್‌ಬಾಕ್ಸನ್ನು ಮತ್ತೆ ಏರಿಸಿದ ಮೇಲೂ ಅದೇ ಕಿರಿಕಿರಿ ಸದ್ದನ್ನು ಕೇಳಬೇಕಾಗುತ್ತದೆ.

ಎಂಜಿನ್ ಆಫ್ ಇರುವಾಗಿನ ಸದ್ದಿನ ಬಗೆಯೂ ಮಾಹಿತಿ ಕೊಡುತ್ತದೆ. ಪೆಡಲ್ ಚಲಿಸುವಷ್ಟು ಹೊತ್ತೂ ಎಡೆಬಿಡದೆ ಕಿರ್ರೆಂದರೆ ಗ್ರೀಸ್ ಆರಿಹೋದ ಬುಷ್ ಅಥವಾ ಒಣಗಿದ ತಿರುಗಣೆ ಎಂದರ್ಥ. ಚಲನೆಯ ಆರಂಭದಲ್ಲಿ ಮತ್ತು ಪಾದ ಎತ್ತುವ ಗಳಿಗೆಯಲ್ಲಿ ಮಾತ್ರ ಟಕ್ಕೆಂದರೆ ರಾಡಿನ ತುದಿ ಅಥವಾ ಅದು ಕೂರುವ ತೂತು ಸವೆದು ಸಡಿಲವಾಗಿದೆ. ಒತ್ತಡ ಅತಿ ಹೆಚ್ಚಿರುವ ಒಂದೇ ಬಿಂದುವಿನಲ್ಲಿ ಲಟಕ್ಕೆಂದರೆ ಯಾವುದೋ ಬ್ರ್ಯಾಕೆಟ್ ಬಾಗುತ್ತಿದೆ ಅಥವಾ ಬಿರುಕು ಬಿಟ್ಟಿದೆ ಎಂದು ಅನುಮಾನಿಸಬೇಕು.

ಕಿವಿಗಿಂತ ಬೆರಳು ನಂಬಿಕಸ್ಥ

ಉಕ್ಕಿನ ರಾಡಿನಲ್ಲಿ ಸದ್ದು ದೂರ ಸಾಗುವುದರಿಂದ, ಚಾಸಿಯ ಬಳಿ ಹುಟ್ಟಿದ ಕಿರುಚಾಟ ಡ್ಯಾಶ್‌ಬೋರ್ಡಿನ ಕೆಳಗಿನಿಂದಲೇ ಬಂದಂತೆ ಕೇಳಿಸುವುದು ಸಾಮಾನ್ಯ. ಆದ್ದರಿಂದ ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ತುಳಿಸುತ್ತಾ, ಇನ್ನೊಬ್ಬರು ಒಂದೊಂದೇ ಸಂಧಿಯ ಮೇಲೆ ಬೆರಳ ತುದಿ ಇಟ್ಟು ನೋಡಬೇಕು. ಸದ್ದು ಮಾಡುವ ಸಂಧಿಯಲ್ಲಿ ಸಣ್ಣ ಕಂಪನ ಅಥವಾ ತಟ್ಟಿದ ಅನುಭವ ಸ್ಪಷ್ಟವಾಗಿ ಸಿಗುತ್ತದೆ. ಲಿವರ್ ಮತ್ತು ಚಾಸಿಯ ಸಂದಿಗೆ ಮಾತ್ರ ಬೆರಳು ಹೋಗಬಾರದು, ಏಕೆಂದರೆ ಕ್ಲಚ್ ಸ್ಪ್ರಿಂಗ್‌ನ ಬಲ ಅಲ್ಲಿ ಪೂರ್ತಿಯಾಗಿ ಕೆಲಸ ಮಾಡುತ್ತಿರುತ್ತದೆ. ಕೈ ಎಟಕದ ಕಡೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿದರೆ ಸಾಕು. ಗಾಡಿಯ ಅಡಿಗೆ ಹೋಗುವುದಿದ್ದರೆ ಅದು ಸ್ಟ್ಯಾಂಡ್‌ಗಳ ಮೇಲೆ ನಿಂತಿರಬೇಕು. ಬರಿಯ ಜ್ಯಾಕನ್ನು ನಂಬಿ ಅಡಿಗೆ ನುಸುಳಬಾರದು.

ಇದರ ನಂತರ ಎಣ್ಣೆಯ ಪರೀಕ್ಷೆ. ಸ್ಪ್ರೇ ಡಬ್ಬಿ ಹಿಡಿದು ಎಲ್ಲ ಸಂಧಿಗಳಿಗೂ ಒಟ್ಟಿಗೆ ಹೊಡೆದರೆ ಸದ್ದು ಒಂದೆರಡು ದಿನ ಅಡಗುತ್ತದೆ, ಜೊತೆಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ತೆಳು ಕೊಳವೆಯಿಂದ ಒಂದು ಸಂಧಿಗೆ ಮಾತ್ರ ಒಂದೆರಡು ಹನಿ ಬಿಟ್ಟು, ಪೆಡಲನ್ನು ಹಲವು ಬಾರಿ ತುಳಿದು ಕೇಳಿ, ಬದಲಾವಣೆ ಇಲ್ಲದಿದ್ದರೆ ಮುಂದಿನ ಸಂಧಿಗೆ ಹೋಗಬೇಕು. ಪೆಡಲ್‌ನ ತಿರುಗಣೆ, ಮೇಲಿನ ರಾಡಿನ ಎರಡು ತುದಿಗಳು, ತಗಡಿನ ತೂತಿನಲ್ಲಿರುವ ರಬ್ಬರ್, ಕ್ರಾಸ್ ಶಾಫ್ಟ್‌ನ ಎರಡು ತುದಿಗಳು, ಕೆಳಗಿನ ರಾಡು, ಕೊನೆಯಲ್ಲಿ ಫೋರ್ಕ್ ಎಂಬ ಅನುಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಬರುವುದು ಒಳ್ಳೆಯದು. ರಬ್ಬರ್ ಭಾಗಕ್ಕೆ ಪೆಟ್ರೋಲಿಯಂ ಎಣ್ಣೆಯ ಬದಲು ಸಿಲಿಕೋನ್ ಬಳಸಬೇಕು. ಸದ್ದು ಯಾವ ಹನಿಗೆ ನಿಂತಿತೋ ಅಲ್ಲಿಯೇ ಬಿಚ್ಚಿ ನೋಡಬೇಕು. ಹನಿ ಎಣ್ಣೆಯನ್ನೇ ರಿಪೇರಿ ಎಂದು ಭಾವಿಸಬಾರದು.

ಅತಿ ಚಿಕ್ಕ ಭಾಗವಾದ ರಿಟರ್ನ್ ಸ್ಪ್ರಿಂಗನ್ನು ಹೆಚ್ಚಿನವರು ಮರೆಯುತ್ತಾರೆ. ಅದರ ಕೊಕ್ಕೆಯು ತೂತಿನ ಅಂಚಿಗೆ ಉಜ್ಜಿದಾಗ ಹೊರಡುವ ಕೀರಲು ಸದ್ದು ಬುಷ್ ಹೋದ ಸದ್ದಿನಂತೆಯೇ ಕೇಳಿಸುತ್ತದೆ. ಕೊಕ್ಕೆಗೆ ಬೆಣ್ಣೆಯಷ್ಟು ಗಟ್ಟಿಯ ಗ್ರೀಸ್ ಹಚ್ಚಿದರೆ ಅದು ನಿಲ್ಲುತ್ತದೆ.

ಕ್ರಾಸ್ ಶಾಫ್ಟ್ ಬಿಚ್ಚಿದಾಗ ನೋಡಬೇಕಾದದ್ದು

ಬಹಳಷ್ಟು ಪ್ರಕರಣಗಳು ಇಲ್ಲಿಗೇ ಬಂದು ನಿಲ್ಲುವುದರಿಂದ ಈ ಭಾಗಕ್ಕೆ ಸಮಯ ಕೊಡಬೇಕು. ರಿಟರ್ನ್ ಸ್ಪ್ರಿಂಗ್ ಮತ್ತು ಎರಡು ರಾಡುಗಳನ್ನು ಕಳಚಿದ ಮೇಲೆ, ಬಿಚ್ಚುವ ಮೊದಲೇ, ಕೊಳವೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಬೇಕು. ಅದು ತನ್ನ ಅಕ್ಷದ ಸುತ್ತ ಸರಾಗವಾಗಿ ತಿರುಗಬೇಕೇ ಹೊರತು ಕಟಕಟ ಅಲುಗಬಾರದು. ಬಿಚ್ಚಿದ ಮೇಲೆ ಗುಂಡುತಲೆಯ ಬೋಲ್ಟನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರೆ, ಸರಿಯಿರುವ ಗುಂಡು ಸುತ್ತಲೂ ಒಂದೇ ತೆರನಾಗಿ ಮಾಸಿರುತ್ತದೆ. ಸವೆದದ್ದರಲ್ಲಿ ಒತ್ತಡ ಬೀಳುವ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಾ ಚಪ್ಪಟೆಯಾಗಿರುತ್ತದೆ ಮತ್ತು ಅದರ ಅಂಚಿನಲ್ಲಿ ಉಗುರಿಗೆ ತಡೆಯುವ ಸಣ್ಣ ಮೆಟ್ಟಿಲು ಸಿಗುತ್ತದೆ. ಅಂಥ ಗುಂಡಿನ ಮೇಲೆ ಹೊಸ ನೈಲಾನ್ ಬುಷ್ ಕೂರಿಸಿದರೆ ಆ ಮೆಟ್ಟಿಲೇ ಬುಷ್ಷನ್ನು ಕೆರೆದು ತಿನ್ನುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಲಿವರ್‌ಗಳ ತೂತುಗಳು ದುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ತೂತನ್ನು ವೆಲ್ಡ್‌ನಿಂದ ತುಂಬಿಸಿ ಮೂಲ ಅಳತೆಗೆ ಕೊರೆಸಬೇಕು. ದಪ್ಪ ವಾಷರ್ ಹಾಕಿ ಸಡಿಲವನ್ನು ಮುಚ್ಚುವವರಿದ್ದಾರೆ, ಆದರೆ ಸಡಿಲವಿರುವುದು ತೂತಿನ ಒಳಗಾದ್ದರಿಂದ ವಾಷರ್‌ನಿಂದ ಅದಕ್ಕೆ ಪ್ರಯೋಜನವಿಲ್ಲ. ಲಿವರ್ ಕೊಳವೆಗೆ ಸೇರುವ ವೆಲ್ಡ್‌ನ ಸುತ್ತ ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಬೋಲ್ಟುಗಳ ಸುತ್ತ ಕೆಂಪು ಪುಡಿ ಕಂಡರೆ ಆ ಬ್ರ್ಯಾಕೆಟ್ ತನ್ನ ಜಾಗದಲ್ಲಿ ಉಜ್ಜಾಡುತ್ತಿದೆ ಎಂದು ತಿಳಿಯಬಹುದು. ಮೂಲ ಎಕ್ಸಾಸ್ಟ್ ತೆಗೆದು ಹೆಡರ್ ಪೈಪು ಹಾಕಿಸಿಕೊಂಡ ಗಾಡಿಗಳಲ್ಲಿ, ಪೈಪು ಹತ್ತಿರವಿದ್ದರೆ ನೈಲಾನ್ ಬುಷ್ ಶಾಖಕ್ಕೆ ಕರಗುತ್ತದೆ. ಅಲ್ಲಿ ಕಂಚಿನ ಬುಷ್ ಹಾಕುವುದೇ ಲೇಸು. ರೇಸ್ ಗಾಡಿಗಳಂತೆ ಎಲ್ಲ ಸಂಧಿಗಳಿಗೂ ಉಕ್ಕಿನ ರಾಡ್ ಎಂಡ್ (ಗುಂಡುಕೀಲಿನ ತುದಿ) ಹಾಕುವ ಹುಮ್ಮಸ್ಸು ಇತ್ತೀಚೆಗೆ ಕಾಣುತ್ತದೆ. ಅವು ಸಡಿಲವನ್ನು ತೆಗೆಯುತ್ತವೆ ನಿಜ, ಆದರೆ ದಿನಬಳಕೆಯ ಗಾಡಿಯಲ್ಲಿ ಎಂಜಿನ್‌ನ ಕಂಪನವನ್ನು ನೇರವಾಗಿ ಪಾದಕ್ಕೆ ತಂದು ಮುಟ್ಟಿಸುತ್ತವೆ.

ಮತ್ತೆ ಜೋಡಿಸುವಾಗ ಹಳೆಯ ಸ್ಪ್ಲಿಟ್ ಪಿನ್‌ಗಳನ್ನು ಬಳಸಬಾರದು. ಕೆಲವು ಕೊಳವೆಗಳಲ್ಲಿ ಮುಚ್ಚುಬಿರಡೆ ಇದ್ದು, ಅದನ್ನು ತೆಗೆದು ಗ್ರೀಸ್ ನಿಪ್ಪಲ್ ತಿರುಗಿಸಿ ಕೂರಿಸುವ ಅವಕಾಶವಿದೆ. ನಿಮ್ಮ ಕೊಳವೆಯಲ್ಲಿ ಅದು ಇದ್ದರೆ ಬಳಸಿಕೊಳ್ಳಬೇಕು.

ಎಂಜಿನ್ ಓಡುವಾಗ ಮಾತ್ರ ಬರುವ ಸದ್ದು

ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿದ್ದು ಪಾದ ಪೆಡಲ್ ಮೇಲೆ ಇಲ್ಲದಿರುವಾಗ ಗುರ್ರೆನ್ನುವ ಸದ್ದು ಬಂದು, ಪೆಡಲ್ ಪೂರ್ತಿ ತುಳಿದಾಗ ನಿಂತರೆ ಎಂಜಿನ್‌ನ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ತರುವ ಇನ್‌ಪುಟ್ ಶಾಫ್ಟ್‌ನ ಬೇರಿಂಗನ್ನು ಶಂಕಿಸಬೇಕು. ಪಾದ ಹಗುರವಾಗಿ ತಾಗಿಸಿ ಫೋರ್ಕ್‌ನ ಸಡಿಲ ಮುಗಿದ ಕೂಡಲೇ ಸದ್ದು ಶುರುವಾದರೆ ಅದು ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ತುಳಿದು, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿಗೆ ಹಾಕಿದಾಗ ಮಾತ್ರ ಕೀಚಲು ದನಿ ಬಂದರೆ ಕ್ರ್ಯಾಂಕ್ ಶಾಫ್ಟ್‌ನ ತುದಿಯಲ್ಲಿರುವ ಪೈಲಟ್ ಬುಷ್ ಒಣಗಿದೆ, ಏಕೆಂದರೆ ಇನ್‌ಪುಟ್ ಶಾಫ್ಟ್ ನಿಂತು ಕ್ರ್ಯಾಂಕ್ ತಿರುಗುವ ಸ್ಥಿತಿಯಲ್ಲಿಯೇ ಆ ಬುಷ್‌ಗೆ ಕೆಲಸ. ಈ ಮೂರೂ ಬೆಲ್ ಹೌಸಿಂಗ್ ಕಡೆಯ ಒಳಗಿನ ದೋಷಗಳು, ಮತ್ತು ಗೇರ್‌ಬಾಕ್ಸ್ ಇಳಿಸುವುದು ಆಗ ಅನಿವಾರ್ಯ.

ಇದಕ್ಕೆ ಒಂದು ಅಪವಾದವಿದೆ. ಪಾದ ತೆಗೆದಾಗ ಹಕ್ಕಿ ಚಿಲಿಪಿಲಿಗುಟ್ಟಿದಂಥ ಸದ್ದು ಬಂದು, ಪೆಡಲನ್ನು ಬೆರಳಿನಷ್ಟು ಒತ್ತಿದರೆ ನಿಲ್ಲುವುದಾದರೆ, ಬೇರಿಂಗ್ ಚೆನ್ನಾಗಿಯೇ ಇದ್ದು ಪ್ರೆಶರ್ ಪ್ಲೇಟ್‌ನ ಬೆರಳುಗಳಿಗೆ ಸುಮ್ಮನೆ ಸವರುತ್ತಿರಬಹುದು. ರಿಟರ್ನ್ ಸ್ಪ್ರಿಂಗ್ ಸೋತಿದ್ದರೆ ಅಥವಾ ಪೆಡಲ್‌ನ ಸಡಿಲ ಉಳಿದಿಲ್ಲದಿದ್ದರೆ ಹೀಗಾಗುತ್ತದೆ. ಪೆಡಲ್‌ನ ತುದಿಯಲ್ಲಿ ಅಳೆದಾಗ ಸುಮಾರು 20ರಿಂದ 25 ಮಿ.ಮೀ. ಸಡಿಲ ಇರುವುದು ವಾಡಿಕೆ. ನಿಮ್ಮ ಮಾದರಿಯ ಸರ್ವೀಸ್ ಪುಸ್ತಕದ ಅಳತೆಯೇ ಅಂತಿಮ. ಲಾಕ್ ನಟ್ಟು ಸಡಿಲಿಸಿ ಕೆಳಗಿನ ರಾಡಿನ ಉದ್ದ ಹೊಂದಿಸುವ ಈ ಕೆಲಸವನ್ನು ಬೇರಿಂಗ್ ಕೊಳ್ಳುವ ಮೊದಲೇ ಮಾಡಬೇಕು.

ಗೇರ್ ಹಾಕಿ ಹೊರಡುವಾಗ ಮಾತ್ರ ಢಬ್ ಎಂದು ಹೊಡೆದಂತಾಗಿ, ನಿಂತಲ್ಲಿ ಎಷ್ಟು ತುಳಿದರೂ ಸದ್ದು ಬಾರದಿದ್ದರೆ ಎಂಜಿನ್ ಕೂರುವ ರಬ್ಬರ್ ಆಧಾರಗಳಾದ ಎಂಜಿನ್ ಮೌಂಟ್‌ಗಳನ್ನು ನೋಡಬೇಕು. ಮುಂದಕ್ಕೆ ಹೊರಡುವಾಗ ಎಂಜಿನ್‌ನ ಎಡಬದಿ ಮೇಲೇಳಲು ಯತ್ನಿಸುತ್ತದೆ, ಮತ್ತು ಈ ಗಾಡಿಗಳಲ್ಲಿ ಕ್ಲಚ್ ಲಿಂಕೇಜ್ ಇರುವುದೂ ಎಡಬದಿಯಲ್ಲೇ. ಎಡ ಮೌಂಟಿನ ರಬ್ಬರ್ ಬಿಟ್ಟುಹೋಗಿದ್ದರೆ ಕ್ರಾಸ್ ಶಾಫ್ಟ್‌ನ ಒಳತುದಿ ಎಂಜಿನ್ ಜೊತೆ ಎದ್ದು, ಹೊರತುದಿ ಚಾಸಿಯಲ್ಲೇ ಉಳಿದು, ಕೊಳವೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮುರಿದ ಮೌಂಟಿನಿಂದ ಎಂಜಿನ್ ಎದ್ದು ಆಕ್ಸಿಲರೇಟರ್ ಲಿಂಕೇಜ್ ಸಿಕ್ಕಿಕೊಳ್ಳುವ ಅಪಾಯವಿದ್ದುದರಿಂದಲೇ ಜನರಲ್ ಮೋಟಾರ್ಸ್ 1971ರ ಡಿಸೆಂಬರ್‌ನಲ್ಲಿ 60 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಬೇಕಾಯಿತು. ಪರೀಕ್ಷೆಗೆ ಬಾನೆಟ್ ತೆರೆದು, ಬ್ರೇಕ್ ಗಟ್ಟಿಯಾಗಿ ಒತ್ತಿಸಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಿಡಿಯುವಷ್ಟು ಮಾತ್ರ ಬಿಡಿಸಬೇಕು. ನೋಡುವವರು ಗಾಡಿಯ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ಗಮನಿಸಬೇಕು. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಮತ್ತೆ ಕುಕ್ಕರಿಸಿದರೆ ಮೌಂಟ್ ಹೋಗಿದೆ.

ಗೇರ್‌ಬಾಕ್ಸ್ ಇಳಿಸಬೇಕಾಗಿ ಬಂದರೆ, ಆ ಕಾಲದ ಕ್ಲಚ್ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಒಳಗಿನ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಫೋರ್ಕ್ ಕೂರುವ ಗುಂಡಿಗೆ ಮತ್ತು ಬೇರಿಂಗ್ ಜಾರುವ ಕೊಳವೆಗೆ ತೆಳುವಾಗಿ ಗ್ರೀಸ್ ಸವರಿದರೆ ಸಾಕು, ಹೆಚ್ಚಾದದ್ದು ಕ್ಲಚ್ ಪ್ಲೇಟಿಗೆ ಸಿಡಿಯುತ್ತದೆ. ಸೀಲ್ ಮಾಡಿದ ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದರೆ ಒಳಗಿನ ಗ್ರೀಸ್ ಕರಗಿ ಹೊಸ ಬೇರಿಂಗ್ ಕೂಡ ಬೇಗ ಕೂಗತೊಡಗುತ್ತದೆ. ಹೊಸ ಬುಷ್‌ಗಳು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ತಮ್ಮ ಜಾಗಕ್ಕೆ ಕೂರುವುದರಿಂದ, ಅಷ್ಟು ಓಡಿಸಿದ ಮೇಲೆ ಪೆಡಲ್‌ನ ಸಡಿಲವನ್ನು ಇನ್ನೊಮ್ಮೆ ಅಳೆದು ಲಾಕ್ ನಟ್ಟನ್ನು ಬಿಗಿಗೊಳಿಸಬೇಕು.