ಗುಡವಿಯಿಂದ ಅಘನಾಶಿನಿಯವರೆಗೆ: ಹಕ್ಕಿ ತೋರಿಸುವವನ ಅನುಭವ

ಹಕ್ಕಿ ನೋಡಲು ಬರುವ ಗುಂಪುಗಳನ್ನು ಕರೆದೊಯ್ಯುವ ಕೆಲಸದಲ್ಲಿ ಮಾರ್ಗದರ್ಶಿಯ ಕಣ್ಣು ಎಷ್ಟು ಚುರುಕಾಗಿದೆ ಎಂಬುದಕ್ಕೆ ಜನ ಬಹಳ ಬೆಲೆ ಕೊಡುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟಿರುವುದು ಯಾವ ಜಾಗವನ್ನು ಮೊದಲು ತೋರಿಸಬೇಕು, ಯಾವುದನ್ನು ಕೊನೆಗೆ ಇಡಬೇಕು, ಎಲ್ಲಿಗೆ ಯಾವ ಹೊತ್ತಿನಲ್ಲಿ ತಲುಪಬೇಕು ಎಂಬ ಲೆಕ್ಕಾಚಾರ. ನಾನು ನಡೆಸುವ ಪ್ರವಾಸ ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಆರಂಭವಾಗಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಮಳೆಕಾಡನ್ನು ಹಾದು, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಮುಗಿಯುತ್ತದೆ. ಇದನ್ನು ಹಿಂದುಮುಂದಾಗಿಯೂ ಮಾಡಬಹುದು. ಬೆಂಗಳೂರಿನಿಂದ ಬರುವ ಕೆಲವರು ಸಮುದ್ರವನ್ನೇ ಮೊದಲು ಕೇಳುತ್ತಾರೆ. ಆದರೆ ನಾನು ಒಪ್ಪುವುದಿಲ್ಲ.

ಕಾಲವನ್ನು ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದ ನಡುವೆ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಗುಡವಿಗೆ ಸಂತಾನಕ್ಕೆಂದು ಬಂದ ಹಕ್ಕಿಗಳಲ್ಲಿ ತಡವಾಗಿ ಗೂಡು ಕಟ್ಟಿದವು ಆಗಲೂ ಮರಿಗಳಿಗೆ ಉಣಿಸುತ್ತಿರುತ್ತವೆ, ಉತ್ತರದಿಂದ ಬರುವ ವಲಸೆ ಹಕ್ಕಿಗಳು ಅಷ್ಟರಲ್ಲಿ ಅಳಿವೆಯ ಕೆಸರಿನಲ್ಲಿ ನೆಲೆಯೂರಿರುತ್ತವೆ, ಕಾಡಿನ ಇಂಬಳಗಳ ಕಾಟವೂ ಜುಲೈ, ಆಗಸ್ಟಿಗೆ ಹೋಲಿಸಿದರೆ ಬಹಳ ಕಡಿಮೆಯಾಗಿರುತ್ತದೆ. ಹಾಗೆಂದು ಇಂಬಳ ಇರುವುದೇ ಇಲ್ಲ ಎಂದಲ್ಲ. ಮೊಣಕಾಲಿನವರೆಗೆ ಬರುವ ಬಟ್ಟೆಯ ಇಂಬಳದ ಚೀಲವನ್ನು ಪ್ರತಿಯೊಬ್ಬರಿಗೂ ಮೊದಲೇ ಹಂಚುತ್ತೇನೆ, ನನ್ನ ಜೇಬಿನಲ್ಲಿ ನಶ್ಯದ ಪುಡಿಯ ಡಬ್ಬಿಯನ್ನೂ ಇಟ್ಟುಕೊಂಡಿರುತ್ತೇನೆ.

ಗುಡವಿ ಸುಮಾರು 74 ಹೆಕ್ಟೇರ್ ವಿಸ್ತಾರದ ಪುಟ್ಟ ಪಕ್ಷಿಧಾಮ, 1989ರಲ್ಲಿ ಘೋಷಣೆಯಾದದ್ದು. ನೀರಿನೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಒಟ್ಟೊಟ್ಟಾಗಿ ಗೂಡು ಕಟ್ಟುತ್ತವೆ. ಹೊಸಬರಿಗೆ ಬೈನಾಕ್ಯುಲರ್ ಹಿಡಿಯಲು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ, ಏಕೆಂದರೆ ಇಲ್ಲಿ ಹಕ್ಕಿ ದೊಡ್ಡದು, ಬಯಲಿನಲ್ಲಿ ಕುಳಿತಿರುತ್ತದೆ, ಗೂಡನ್ನು ಬಿಟ್ಟು ಹಾರಿಹೋಗುವುದೂ ಅಪರೂಪ. ಬೆಳಗಿನ ಮೊದಲ ಅರ್ಧ ಗಂಟೆಯನ್ನು ನಾನು ಉಪಕರಣಕ್ಕೇ ಮೀಸಲಿಡುತ್ತೇನೆ: ಬಲಗಣ್ಣು ಮುಚ್ಚಿ ನಡುವಿನ ಚಕ್ರವನ್ನು ತಿರುಗಿಸಿ ಎಡಗಣ್ಣಿಗೆ ಚಿತ್ರವನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ ಬಲಗಣ್ಣಿಗೆ ಹೊಂದಿಸಿಕೊಳ್ಳಬೇಕು. ವರ್ಷಗಟ್ಟಲೆ ಬೈನಾಕ್ಯುಲರ್ ಇಟ್ಟುಕೊಂಡವರಲ್ಲಿಯೂ ಅನೇಕರು ಈ ಉಂಗುರವನ್ನು ಮುಟ್ಟಿರುವುದಿಲ್ಲ. ಎರಡನೆಯ ಪಾಠ ಇನ್ನೂ ಸರಳ: ಹಕ್ಕಿಯ ಮೇಲಿಟ್ಟ ದೃಷ್ಟಿಯನ್ನು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಬಳಿಗೆ ತರಬೇಕು, ಬೈನಾಕ್ಯುಲರನ್ನು ಕಣ್ಣಿಗಿಟ್ಟ ಮೇಲೆ ಹಕ್ಕಿಯನ್ನು ಹುಡುಕಬಾರದು.

ಉಪಕರಣ ಕೈಗೆ ಒಗ್ಗಿದ ಮೇಲೆ ಒಂದೇ ಒಂದು ಗೂಡಿನ ಮೇಲೆ ಗಮನವಿಡಲು ಹೇಳುತ್ತೇನೆ. ಬಿಳಿ ಕೆಂಬರಲಿನ ತಲೆ, ಕತ್ತು ಬೋಳಾಗಿ ಕಪ್ಪಾಗಿರುತ್ತವೆ; ಆದರೆ ಮರಿಯ ತಲೆಯ ಮೇಲೆ ಬೂದು ಬಣ್ಣದ ಗರಿಗಳಿರುವುದರಿಂದ ಅದು ಬೇರೆ ಜಾತಿಯ ಹಕ್ಕಿಯಂತೆಯೇ ಕಾಣುತ್ತದೆ. ದೊಡ್ಡ ಹಕ್ಕಿ ರೆಕ್ಕೆ ಎತ್ತಿದಾಗ ಒಳಗಡೆ ಗರಿಯಿಲ್ಲದ ಕೆಂಪು ಚರ್ಮದ ಪಟ್ಟಿಯೊಂದು ಕ್ಷಣಮಾತ್ರ ಕಾಣಿಸಿಕೊಳ್ಳುತ್ತದೆ, ಅದನ್ನು ಕಂಡವರು ಮತ್ತೊಮ್ಮೆ ಕಾಣಲೆಂದು ತಾವಾಗಿಯೇ ಕಾಯತೊಡಗುತ್ತಾರೆ. ಹೀಗೆ ಕಾಯುವ ಅಭ್ಯಾಸ ಗುಡವಿಯಲ್ಲಿ ಆಗದಿದ್ದರೆ ಮರುದಿನ ಮಳೆಕಾಡಿನಲ್ಲಿ ಅದನ್ನು ಕಲಿಸಲು ಸಾಧ್ಯವಾಗುವುದಿಲ್ಲ.

ಹೊನ್ನಾವರ–ಜೋಗ ರಸ್ತೆಯ ಪಕ್ಕದಲ್ಲಿರುವ ಕತ್ತಲೆಕಾನಿನಲ್ಲಿ ಮಳೆಕಾಡು ಮತ್ತು ಜೌಗು ಎರಡೂ ಒಂದೇ ಕಡೆ ಸಿಗುತ್ತವೆ. ಇಲ್ಲಿನ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ಜಾಯಿಕಾಯಿಯ ಜಾತಿಗೆ ಸೇರಿದ ಕಾಡುಮರಗಳು ಬೆಳೆದ ಜೌಗುಗಳಲ್ಲಿ, ನೀರು ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಗಾಳಿಯಾಡದ ಆ ಕೆಸರಿನಲ್ಲಿ ಉಸಿರಾಡಲು ಮರಗಳ ಬೇರುಗಳು ಮೊಣಕಾಲು ಮಡಚಿ ಕುಳಿತವರಂತೆ ಮೇಲೆದ್ದು ಮತ್ತೆ ಮಣ್ಣಿಗಿಳಿದಿರುತ್ತವೆ. ರಾಂಪತ್ರೆಯ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಜಡ್ಡಿಯ ನೀರನ್ನು ತೋಟಕ್ಕೆ ತಿರುಗಿಸಿದ ಕಡೆಗಳಲ್ಲಿ ಹಳೆಯ ಮರ ನಿಂತಿದ್ದರೂ ಅದರ ಸಂತತಿ ಮುಂದುವರಿಯುವುದಿಲ್ಲ. ಬೀಜವನ್ನು ಸುತ್ತಿದ ಕೆಂಪು ಪತ್ರೆಗಾಗಿ ಮಂಗಟ್ಟೆಗಳು ಈ ಮರಗಳಿಗೆ ಬರುತ್ತವೆ; ಪತ್ರೆ ಅರಗಿದ ಮೇಲೆ ಬೀಜವನ್ನು ಬೇರೆಲ್ಲೋ ಉಗುಳಿ ಹೋಗುತ್ತವೆ. 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ, ಈ ಕಾನಿನ ಹೆಸರನ್ನೇ ಹೊತ್ತ ಗೇರು ಕುಟುಂಬದ ಮರವೊಂದು ಇರುವುದೂ ಇಂಥ ಜಡ್ಡಿಯಲ್ಲಿಯೇ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ರಸ್ತೆ ಬಿಟ್ಟು ಒಳಗಿಳಿಯುವಂತಿಲ್ಲ. ಅನುಮತಿ ಇದ್ದಾಗಲೂ ನಾನು ಎಂಟು ಜನರಿಗಿಂತ ಹೆಚ್ಚು ಜನರನ್ನು ಕರೆದೊಯ್ಯುವುದಿಲ್ಲ, ಜಡ್ಡಿಯ ಅಂಚಿನಲ್ಲಿಯೇ ನಿಲ್ಲಿಸುತ್ತೇನೆ. ಕೆಸರಿನಲ್ಲಿ ಕಾಲಿಟ್ಟ ಕಡೆಯೆಲ್ಲ ರಾಂಪತ್ರೆಯ ಸಸಿ ಮುರಿಯುವ ಸಂಭವವಿರುತ್ತದೆ.

ಕಾಡಿನೊಳಗೆ ಕಣ್ಣಿಗಿಂತ ಕಿವಿಯದೇ ಕೆಲಸ. ಗುಂಪಿನವರು ಮೊದಲ ಹದಿನೈದು ನಿಮಿಷ ಎಲೆಗಳನ್ನು ಮಾತ್ರ ನೋಡಿ ಬೇಸತ್ತಿರುವಾಗ, ಬೈನಾಕ್ಯುಲರ್ ಕೆಳಗಿಳಿಸಿ ಕೇಳಿಸಿದ ಸದ್ದುಗಳನ್ನು ಬೆರಳಿನಲ್ಲಿ ಎಣಿಸಲು ಹೇಳುತ್ತೇನೆ. ಮಲೆಮಂಗಟ್ಟೆಯ ಒರಟು ನಗೆ, ಕುಟ್ರುಹಕ್ಕಿಯ ಎಡೆಬಿಡದ ಕೂಗು, ಹಳ್ಳದ ಕಡೆಯಿಂದ ಸಿಳ್ಳಾರದ ಅಡ್ಡಾದಿಡ್ಡಿ ಸಿಳ್ಳೆ, ಇವುಗಳ ನಡುವೆ ಭೀಮರಾಜನ ದನಿ ಕೇಳಿದರೆ ನಾನು ಅಲ್ಲಿಯೇ ನಿಲ್ಲುತ್ತೇನೆ. ಭೀಮರಾಜ ಇದ್ದಲ್ಲಿ ಹಲವು ಜಾತಿಯ ಹಕ್ಕಿಗಳು ಸೇರಿದ ಹಿಂಡು ಜೊತೆಗಿರುವ ಸಾಧ್ಯತೆ ಹೆಚ್ಚು. ಹಿಂಡು ಬಂದಾಗ ನೊಣಹಿಡುಕ, ಮರಕುಟಿಕ, ಚಿತ್ರಪಕ್ಷಿಗಳೆಲ್ಲ ಕೆಲವೇ ನಿಮಿಷಗಳಲ್ಲಿ ತಲೆಯ ಮೇಲೆ ಹಾದುಹೋಗುತ್ತವೆ, ಆಮೇಲೆ ಕಾಡು ಮತ್ತೆ ಖಾಲಿ. ಆಗ "ಅಲ್ಲಿ, ಅಲ್ಲಿ" ಎಂದು ಕೈ ತೋರಿಸುವುದರಿಂದ ಏನೂ ಪ್ರಯೋಜನವಿಲ್ಲ. ಮೊದಲೇ ಎಲ್ಲರೂ ಒಪ್ಪಿದ ಒಂದು ಮರವನ್ನು ಗಡಿಯಾರವೆಂದು ಇಟ್ಟುಕೊಂಡು, "ಧೂಪದ ಮರ, ಎರಡು ಗಂಟೆ, ಒಣಗಿದ ಕೊಂಬೆ" ಎಂದರೆ ಸಾಕು, ಎಂಟು ಜನರೂ ಒಂದೇ ಕಡೆ ನೋಡುತ್ತಾರೆ. ಈ ಮಬ್ಬು ಬೆಳಕಿಗೆ 8×42 ಬೈನಾಕ್ಯುಲರೇ (8 ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿ.ಮೀ. ಅಗಲವಿರುವ) ಸರಿ. 10 ಪಟ್ಟು ದೊಡ್ಡದು ಮಾಡುವುದರಲ್ಲಿ ನೋಟದ ಅಗಲ ಕಿರಿದಾಗುತ್ತದೆ, ಕೈ ನಡುಕವೂ ಹೆಚ್ಚಾಗಿ ಕಾಣುತ್ತದೆ.

ಕಾಕರಣೆ ಹಕ್ಕಿಯನ್ನು ತೋರಿಸುವಾಗ ಮಾತ್ರ ನನಗೆ ಇಂದಿಗೂ ಕಷ್ಟ. ಗಂಡಿನ ಹೊಟ್ಟೆ ಕಡುಗೆಂಪಾಗಿದ್ದರೂ ಅದು ಜನರನ್ನು ಕಂಡೊಡನೆ ಕಂದು ಬೆನ್ನನ್ನು ನಮ್ಮ ಕಡೆ ತಿರುಗಿಸಿ, ನೆಟ್ಟಗೆ, ಅಲುಗದೆ ಕೂರುವುದುಂಟು. ಅಂಥ ಹೊತ್ತಿನಲ್ಲಿ ಮೊಬೈಲಿನಿಂದ ಅದರ ಕೂಗನ್ನು ಹಾಕಿ ಕರೆಸಬೇಕೆಂದು ಕೇಳುವವರಿದ್ದಾರೆ. ನಾನು ಹಾಕುವುದಿಲ್ಲ, ಏಕೆಂದರೆ ತನ್ನ ಸರಹದ್ದಿಗೆ ಎದುರಾಳಿ ಬಂದನೆಂದು ನಂಬಿ ಬರುವ ಹಕ್ಕಿ ಮೇಯುವುದನ್ನೂ ಮರಿಯನ್ನೂ ಬಿಟ್ಟು ಬರುತ್ತದೆ. ನನ್ನೊಡನೆ ಬರುವ ಸ್ಥಳೀಯ ಹಿರಿಯರೊಬ್ಬರು ಇಂಥವರಿಗೆ, "ಸ್ವಲ್ಪ ತಡೀರಿ ಮಾರಾಯ್ರೆ, ಅದಕ್ಕೂ ಕುತ್ತಿಗೆ ನೋಯ್ತದೆ, ತಿರುಗ್ತದೆ" ಎನ್ನುತ್ತಾರೆ. ಬಹುಪಾಲು ತಿರುಗುತ್ತದೆ. ಹಗಲಿಡೀ ತರಗೆಲೆಯಂತೆ ಕುಳಿತಿರುವ ಕಪ್ಪೆಬಾಯಿ ಹಕ್ಕಿಯ ಜೋಡಿಯನ್ನು ಹುಡುಕಿ ಕೊಡುವವರೂ ಅವರೇ. ಅದೇ ಕೊಂಬೆಗೆ ಅವು ದಿನಗಟ್ಟಲೆ ಮರಳುವುದರಿಂದ ಜಾಗ ಗೊತ್ತಿದ್ದವರ ಮೇಲೆ ಹೊಣೆಯೂ ಹೆಚ್ಚು.

ಸಿಂಗಳೀಕಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾದ ಈ ಸೀಮೆಯಲ್ಲಿ ಅವು ಮರದ ತುದಿಯಿಂದ ತುದಿಗೆ ಸಾಗುತ್ತಾ ಹಣ್ಣು, ಹುಳು ತಿಂದು ಬದುಕಬೇಕಾದವು. ರಸ್ತೆಬದಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಹಾಕಿದರೆ ಅವು ಟಾರಿಗೆ ಇಳಿಯಲು ಕಲಿಯುತ್ತವೆ, ಆಮೇಲಿನದು ವಾಹನದ ಚಕ್ರಕ್ಕೆ ಬಿಟ್ಟದ್ದು. ತಿಂಡಿಯ ಚೀಲವನ್ನು ವಾಹನದಲ್ಲಿಯೇ ಬಿಟ್ಟು ಬರದವರನ್ನು ನಾನು ಕೆಳಗಿಳಿಸುವುದಿಲ್ಲ.

ಘಟ್ಟ ಇಳಿದು ಅಳಿವೆಗೆ ಬಂದ ಮೇಲೆ ನನ್ನ ಕೈಗಡಿಯಾರಕ್ಕೆ ಬೆಲೆಯಿಲ್ಲ. ಭರತ, ಇಳಿತಗಳೇ ವೇಳಾಪಟ್ಟಿ. ನೀರು ಏರುವ ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತಿರುವುದರಿಂದ ಪ್ರವಾಸದ ದಿನಾಂಕವನ್ನು ನಾನು ಗೊತ್ತುಮಾಡುವುದೇ ಉಬ್ಬರವಿಳಿತದ ಪಟ್ಟಿಯನ್ನು ಮುಂದಿಟ್ಟುಕೊಂಡು. ಪೂರ್ತಿ ಇಳಿತದಲ್ಲಿ ಕೆಸರು ಮೈಲಿಗಟ್ಟಲೆ ತೆರೆದುಕೊಂಡು ಹಕ್ಕಿಗಳು ಚುಕ್ಕಿಗಳಾಗಿ ದೂರ ಉಳಿಯುತ್ತವೆ. ಆಗ ಸೊಂಟದವರೆಗಿನ ನೀರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರನ್ನು ಕಾಣಬಹುದು. ನೀರು ಮರಳಿ ಏರತೊಡಗಿದಾಗ ದೋಣಿಯನ್ನು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಮಗ್ಗುಲಲ್ಲಿ ನಿಲ್ಲಿಸಿದರೆ, ಕುಗ್ಗುತ್ತಿರುವ ಕೆಸರಿನೊಡನೆ ಹಕ್ಕಿಗಳು ತಾವಾಗಿಯೇ ನಮ್ಮ ಕಡೆಗೆ ಸರಿಯುತ್ತವೆ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳಕ್ಕೆ ಚುಚ್ಚಿ ಏಡಿ, ಹುಳುಗಳನ್ನು ಎಳೆಯುವುದನ್ನೂ, ಗಿಡ್ಡ ಕೊಕ್ಕಿನ ಪ್ಲೋವರ್ ಓಡಿ, ನಿಂತು, ಮೇಲ್ಮೈಯಿಂದಲೇ ಹೆಕ್ಕುವುದನ್ನೂ ಇಲ್ಲಿ ಒಂದೇ ನೋಟದಲ್ಲಿ ಹೋಲಿಸಬಹುದು. ಹೀಗೆ ಕೆಸರಿನಲ್ಲಿ ಮೇಯುವ ಗೊರವಗಳ ಹೆಸರು ಹಿಡಿಯಲು ಹೆಣಗಾಡುವವರಿಗೆ ಬಣ್ಣವನ್ನು ಬಿಟ್ಟು ಕೊಕ್ಕನ್ನೂ ನಡಿಗೆಯನ್ನೂ ನೋಡಿರೆಂದು ಹೇಳುತ್ತೇನೆ, ಚಳಿಗಾಲದಲ್ಲಿ ಅವೆಲ್ಲ ಬೂದು ಬಣ್ಣಕ್ಕೇ ತಿರುಗಿರುತ್ತವೆ.

ಅಣೆಕಟ್ಟಿಲ್ಲದೆ ಕಡಲು ಸೇರುವ ನದಿಯಾದ್ದರಿಂದ ಅಘನಾಶಿನಿಯ ಅಳಿವೆಗೆ ಘಟ್ಟದ ಮಣ್ಣೂ ಸಿಹಿನೀರೂ ಇಂದಿಗೂ ತಡೆಯಿಲ್ಲದೆ ಬರುತ್ತವೆ. 2024ರ ಜನವರಿಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರ್. ಬಳಚು, ಮೀನು, ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕಗ್ಗ ಎಂಬ ಭತ್ತ ಇವನ್ನು ನೆಚ್ಚಿದ ಊರಿನವರಿಗೆ ಈ ಪಟ್ಟಿಯಿಂದ ಏನು ದಕ್ಕುತ್ತದೆ ಎಂಬುದು ನನ್ನ ಪಾಲಿಗೆ ಹಕ್ಕಿಯಷ್ಟೇ ದೊಡ್ಡ ಪ್ರಶ್ನೆ. ನನ್ನ ಕೈಯಲ್ಲಾಗುವುದು ಸಣ್ಣದು: ದೋಣಿಯವರ ಬಾಡಿಗೆಯನ್ನೂ ಕಾಡಿನಲ್ಲಿ ದಾರಿ ತೋರಿದವರ ಸಂಭಾವನೆಯನ್ನೂ ಪ್ರವಾಸದ ಶುಲ್ಕದಲ್ಲಿ ಬೇರೆಯಾಗಿ ಬರೆದು, ಅದೇ ದಿನ, ನೇರವಾಗಿ ಅವರ ಕೈಗೇ ಕೊಡುತ್ತೇನೆ. ಭರತ ತುಂಬಿ ಕೆಸರು ಮುಳುಗಿದ ಮೇಲೆ ಊಟಕ್ಕೆ ಕುಳಿತು ಎಲ್ಲರೂ ಕಂಡ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ದಾಖಲೆಗಳ ಸಾರ್ವಜನಿಕ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸುತ್ತಾರೆ; ಆಗ ಕಪ್ಪೆಬಾಯಿ ಹಕ್ಕಿ ಕೂರುವ ಕೊಂಬೆಯ ಗುರುತು ಅದರಲ್ಲಿ ಸೇರದಂತೆ ಪ್ರತಿಯೊಬ್ಬರ ಮೊಬೈಲನ್ನೂ ಒಮ್ಮೆ ಇಸಿದುಕೊಂಡು ನೋಡುತ್ತೇನೆ.